ಮಂಡಿ ತರಚಿತೇ? ಮೊದಲು ನಲ್ಲಿ ತಿರುಗಿಸಿ

ಮಗು ಸೈಕಲ್‌ನಿಂದ ಬಿದ್ದು ಅಳುತ್ತಾ ಬಂದರೆ ಸಾಕು, ಕಾಫಿಪುಡಿ ಡಬ್ಬಿ ಹುಡುಕುವ ಮನೆಗಳು ಈಗಲೂ ಇವೆ. ನಮ್ಮಜ್ಜಿಯೂ ಅದನ್ನೇ ಒತ್ತುತ್ತಿದ್ದರು. ರಕ್ತವೇನೋ ನಿಲ್ಲುತ್ತಿತ್ತು, ಆದರೆ ಆ ಪುಡಿಯನ್ನು ಗಾಯದಿಂದ ಕೆರೆದು ತೆಗೆಯುವಾಗ ಬಿದ್ದಾಗಿನದಕ್ಕಿಂತ ಜೋರಾಗಿ ಅಳುತ್ತಿದ್ದೆವು. ಕಾಫಿಪುಡಿ, ಅರಿಶಿನ, ಬೂದಿ, ಟೂತ್‌ಪೇಸ್ಟ್ ಯಾವುದೂ ಬೇಡ.

ಮೊದಲು ನಿಮ್ಮ ಕೈ ಸೋಪಿನಲ್ಲಿ ತೊಳೆಯಿರಿ. ರಕ್ತ ಒಸರುತ್ತಿದ್ದರೆ ಒಗೆದ ಬಟ್ಟೆ ಮಡಚಿ 10 ನಿಮಿಷ ಒತ್ತಿಹಿಡಿಯಿರಿ. ‘ನಿಂತಿತಾ?’ ಎಂದು ಮಧ್ಯೆ ಎತ್ತಿ ನೋಡಿದರೆ ಕಟ್ಟುತ್ತಿದ್ದ ಹೆಪ್ಪು ಕಿತ್ತುಬಂದು ಮತ್ತೆ ಮೊದಲಿಂದ ಶುರು.

ಆಮೇಲೆ ಹರಿಯುವ ನೀರಲ್ಲಿ ಐದು ನಿಮಿಷವಾದರೂ ತೊಳೆಯಿರಿ. ಸೋಪು ಗಾಯದ ಸುತ್ತ ಸಾಕು. ಚೊಂಬು ಮಗುವಿನ ಕೈಗೇ ಕೊಟ್ಟರೆ ಅರ್ಧ ರಂಪ ಕಡಿಮೆ. ಡಾಂಬರು ರಸ್ತೆಯಲ್ಲಿ ಬಿದ್ದಿದ್ದರೆ ಬೆಳಕಿಗೆ ಹಿಡಿದು ನೋಡಿ: ಸಾಸಿವೆಗಿಂತ ಸಣ್ಣ ಕಪ್ಪು ಚೂರುಗಳು ಚರ್ಮದಲ್ಲಿ ಕೂತಿರುತ್ತವೆ. ಹಾಗೇ ಬಿಟ್ಟರೆ ಹಚ್ಚೆಯಂತೆ ಕಲೆ ಉಳಿಯಬಹುದು. ಸ್ಪಿರಿಟ್‌ನಲ್ಲಿ ಒರೆಸಿದ ಚಿಮುಟದಿಂದ ತೆಗೆಯಿರಿ. ಆಳಕ್ಕೆ ಹೋಗಿದ್ದರೆ ಕೆದಕದೆ ವೈದ್ಯರಿಗೆ ಬಿಡಿ. ಸ್ಪಿರಿಟ್ ಚಿಮುಟಕ್ಕೆ ಮಾತ್ರ, ಗಾಯಕ್ಕಲ್ಲ. ಉರಿಯುವುದಷ್ಟೇ ಅಲ್ಲ, ಹೊಸ ಚರ್ಮವನ್ನೂ ಸುಡುತ್ತದೆ.

ತೆಳ್ಳಗೆ ವ್ಯಾಸಲೀನ್ ಸವರಿ ಬ್ಯಾಂಡೇಜ್ ಹಾಕಿ. ‘ಗಾಳಿಗೆ ಬಿಟ್ಟರೆ ಬೇಗ ಒಣಗುತ್ತೆ’ ಅನ್ನುತ್ತೇವಲ್ಲ, ನಿಜದಲ್ಲಿ ಪಸೆ ಇರುವ ಗಾಯವೇ ಬೇಗ ಮಾಯುತ್ತದೆ. ದಿನಕ್ಕೊಮ್ಮೆ ಬದಲಿಸಿ. ಅಂಟಿಕೊಂಡಿದ್ದರೆ ನೀರಲ್ಲಿ ನೆನೆಸಿ ಬಿಡಿಸಿ. ಹಕ್ಕಳೆ ಕಟ್ಟಿದರೆ ಅದು ತಾನಾಗಿ ಉದುರಲಿ.

ಬಿದ್ದಾಗೆಲ್ಲ ಟಿಟಿ (ಧನುರ್ವಾಯು ತಡೆಯುವ ಚುಚ್ಚುಮದ್ದು) ಚುಚ್ಚಿಸಬೇಕಿಲ್ಲ. ಮಗುವಿನ ಲಸಿಕೆಗಳನ್ನು ಬರೆದಿರುವ ತಾಯಿ ಕಾರ್ಡ್ ತೆಗೆದು ನೋಡಿ: ಧನುರ್ವಾಯು ತಡೆಯುವ ಲಸಿಕೆಯ ಮೊದಲ ಮೂರು ಡೋಸ್, 16–24 ತಿಂಗಳ ಮತ್ತು 5–6 ವರ್ಷದ ಬೂಸ್ಟರ್, 10 ಮತ್ತು 16ನೇ ವರ್ಷದ ಟಿಡಿ (ಧನುರ್ವಾಯು, ಗಂಟಲಮಾರಿ ಎರಡಕ್ಕೂ ಸೇರಿದ ಲಸಿಕೆ), ಇವುಗಳಲ್ಲಿ ವಯಸ್ಸಿಗೆ ತಕ್ಕವು ಆಗಿದ್ದರೆ ಸಣ್ಣ, ಶುಚಿ ಗಾಯಕ್ಕೆ ಸಾಕು. ಡೋಸ್ ತಪ್ಪಿದ್ದರೆ, ಮೊಳೆ ಚುಚ್ಚಿದ್ದರೆ, ಗಾಯಕ್ಕೆ ಸಗಣಿ, ಮಣ್ಣು ಮೆತ್ತಿದ್ದರೆ ವೈದ್ಯರನ್ನು ಕೇಳಿ.

ಒತ್ತಿಹಿಡಿದರೂ ರಕ್ತ ನಿಲ್ಲದಿದ್ದರೆ, ಗಾಯ ಬಾಯಿ ಬಿಟ್ಟಿದ್ದರೆ ಆಗಲೇ ಆಸ್ಪತ್ರೆಗೆ ಹೊರಡಿ. ಮರುದಿನ ಸುತ್ತಲಿನ ಕೆಂಪು ಹರಡುತ್ತಿದ್ದರೆ, ಕೀವು, ಜ್ವರ ಕಂಡರೂ ಅಷ್ಟೇ.

ನಾಯಿ, ಬೆಕ್ಕು, ಕೋತಿ ಪರಚಿದ್ದು ಮಾತ್ರ ಈ ಲೆಕ್ಕಕ್ಕೆ ಸೇರುವುದಿಲ್ಲ. ರಕ್ತ ಬಾರದ ಗೀರಾದರೂ ಸೋಪುನೀರಲ್ಲಿ 15 ನಿಮಿಷ ತೊಳೆದು, ಕಟ್ಟು ಕಟ್ಟದೆ, ಅವತ್ತೇ ರೇಬೀಸ್ ಲಸಿಕೆಗೆ ಕರೆದೊಯ್ಯಿರಿ.