ಮೈಸೂರಿನಲ್ಲಿ ಅಸಲಿ ಮೈಸೂರು ಮಾಲು ಕೊಳ್ಳುವುದು ಹೇಗೆ?

ಮೈಸೂರಿನಲ್ಲಿ ಆಟೊ ಹತ್ತಿ ‘ಒಳ್ಳೆ ಸೀರೆ ಅಂಗಡಿಗೆ ಬಿಡಿ’ ಎಂದರೆ ಜೇಬಿಗೆ ಕತ್ತರಿ ಬಿತ್ತೆಂದೇ ಲೆಕ್ಕ. ಗಿರಾಕಿ ಕರೆತಂದವರಿಗೆ ಕಮಿಷನ್ ಕೊಡುವ ಅಂಗಡಿಗಳು ಇಲ್ಲಿವೆ. ಅದು ನಿಮ್ಮ ಬಿಲ್ಲಿನಲ್ಲೇ ಸೇರಿರುತ್ತದೆ. ‘ಗವರ್ನಮೆಂಟ್ ಎಂಪೋರಿಯಂ’ ಎಂಬ ಮಾತನ್ನೂ ನಂಬಬೇಡಿ. ಹೋಗಬೇಕಾದ ಜಾಗದ ಹೆಸರನ್ನು ನೀವೇ ಹೇಳಿ.

1. ಬೆಳಿಗ್ಗೆ ಮೊದಲು ಮಾನಂದವಾಡಿ ರಸ್ತೆಗೆ ಹೋಗಿ. ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, 1912ರಲ್ಲಿ ಶುರುವಾದ ರೇಷ್ಮೆ ಕಾರ್ಖಾನೆ ಅಲ್ಲಿದೆ. ಈಗ ಅದನ್ನು ನಡೆಸುವುದು ಸರ್ಕಾರದ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮ, ಅಂದರೆ ಕೆಎಸ್‌ಐಸಿ. ಊರಿನ ತುಂಬ ‘ಮೈಸೂರ್ ಸಿಲ್ಕ್’ ಬೋರ್ಡುಗಳಿವೆ, ಆದರೆ ಬೇರೆ ಕಡೆ ನೇಯ್ದ ಕ್ರೇಪ್ ಸೀರೆಯೂ ಅದೇ ಹೆಸರಲ್ಲಿ ಮಾರಾಟವಾಗುತ್ತದೆ. ಕೆಎಸ್‌ಐಸಿ ಸೀರೆಯ ಜರಿಯಲ್ಲಿ ಶೇ 65ರಷ್ಟು ಬೆಳ್ಳಿ, ಶೇ 0.65ರಷ್ಟು ಚಿನ್ನ ಇರುತ್ತದೆ. ಪ್ರತಿ ಸೀರೆಗೂ ಅದರದ್ದೇ ಆದ ನಂಬರ್ ಇರುತ್ತದೆ, ಹೋಲೋಗ್ರಾಮ್ ಕೂಡ ಇರುತ್ತದೆ. ಎರಡನ್ನೂ ನೋಡಿಯೇ ದುಡ್ಡು ಕೊಡಿ. ಚೌಕಾಸಿ ನಡೆಯುವುದಿಲ್ಲ. ಈಚೆಗೆ ಬೇಡಿಕೆ ಜಾಸ್ತಿಯಾಗಿ ಶೋರೂಮ್ ಮುಂದೆ ಸಾಲು ನಿಲ್ಲಬೇಕಾದೀತು. ಇಂಥದ್ದೇ ಬಣ್ಣ, ಇಷ್ಟೇ ಅಂಚು ಎಂದು ಹಟ ಹಿಡಿದರೆ ಬರಿಗೈಲಿ ಬರಬೇಕು.

2. ಅದೇ ರಸ್ತೆಯಲ್ಲಿ ಗಂಧದೆಣ್ಣೆ ಕಾರ್ಖಾನೆ ಇದೆ, ಅದೂ ಒಡೆಯರ್ ಕಾಲದ್ದೇ. ಎಣ್ಣೆ ಬೇಕಿದ್ದರೆ ಸರ್ಕಾರಿ ಮಳಿಗೆಯಲ್ಲೇ ಕೊಳ್ಳಿ. ಶುದ್ಧ ಗಂಧದೆಣ್ಣೆ ಬಲು ದುಬಾರಿ. ನೂರಿನ್ನೂರು ರೂಪಾಯಿಗೆ ಪುಟ್ಟ ಶೀಸೆ ತುಂಬ ಕೊಟ್ಟರೆ ಅದು ಸುಮ್ನೆ ಸೆಂಟು. ಮೈಸೂರ್ ಸ್ಯಾಂಡಲ್ ಸೋಪನ್ನು ಇಲ್ಲಿಂದ ಹೊರುವ ಅಗತ್ಯವಿಲ್ಲ, ನಿಮ್ಮ ಬೀದಿಯ ಅಂಗಡಿಯಲ್ಲೂ ಅದೇ ಸಿಗುತ್ತದೆ ಅಲ್ವಾ?

3. ಆಮೇಲೆ ಸಯ್ಯಾಜಿ ರಾವ್ ರಸ್ತೆ. ಕರಕುಶಲ ನಿಗಮದ ಕಾವೇರಿ ಮಳಿಗೆಯಲ್ಲಿ ಬೀಟೆ ಮರದ ಇನ್‌ಲೇ ಕೆಲಸದ ಪೆಟ್ಟಿಗೆ, ಚಿತ್ರಗಳಿವೆ. ಮರವನ್ನು ಕೊರೆದು, ಬೇರೆ ಬೇರೆ ಬಣ್ಣದ ಮರದ ಚೂರುಗಳನ್ನು ಅದರೊಳಗೆ ಕೂರಿಸುವ ಕೆಲಸ ಇದು. ಹಿಂದೆ ದಂತವನ್ನೂ ಕೂರಿಸುತ್ತಿದ್ದರು, ಈಗ ಅದು ನಿಷಿದ್ಧ. ಬೆಳಕಿಗೆ ಹಿಡಿದು ನೋಡಿ. ಒಂದೊಂದು ಚೂರಿನಲ್ಲೂ ಮರದ ಗೆರೆ ಕಂಡರೆ ಅಸಲಿ. ಗೆರೆಯಿಲ್ಲದೆ ಬಣ್ಣ ಮಾತ್ರ ನುಣ್ಣಗೆ ಮಿನುಗಿದರೆ ಅನುಮಾನ ಪಡಿ. ದೊಡ್ಡದು ಕೊಳ್ಳುವ ಆಸೆಗೆ ಕಳಪೆ ತರುವುದಕ್ಕಿಂತ ಅಂಗೈಯಗಲದ ಒಳ್ಳೆಯ ತುಂಡೇ ವಾಸಿ.

4. ಬೇಗ ಕೆಡುವ ಮಾಲು ಕೊನೆಗಿರಲಿ. ಮೈಸೂರು ಪಾಕಿಗೆ ದೇವರಾಜ ಮಾರುಕಟ್ಟೆ ಪಕ್ಕದ ಗುರು ಸ್ವೀಟ್ಸ್. ಅರಮನೆಯ ಬಾಣಸಿಗ ಕಾಕಾಸುರ ಮಾದಪ್ಪನವರ ಮನೆತನದ ಅಂಗಡಿ ಅದು. ಮಾರುಕಟ್ಟೆಯೊಳಗೆ ಮೈಸೂರು ಮಲ್ಲಿಗೆ, ವೀಳ್ಯದೆಲೆ, ಕುಂಕುಮ, ಊದುಬತ್ತಿ. ಇಲ್ಲಿ ಧಾರಾಳವಾಗಿ ಚೌಕಾಸಿ ಮಾಡಿ. ನಂಜನಗೂಡು ರಸಬಾಳೆ ಎಂದರೆ ಮಾತ್ರ ತಕ್ಷಣ ನಂಬಬೇಡಿ. ಸೊರಗು ರೋಗದಿಂದ ಆ ಬೆಳೆ ತೀರಾ ಕಡಿಮೆಯಾಗಿದೆ.

5. ಬೆಂಗಳೂರಿಗೆ ಕಾರಿನಲ್ಲಿ ಮರಳುವವರು ಮಕ್ಕಳಿಗೆ ಚನ್ನಪಟ್ಟಣದ ಗೊಂಬೆ ಕೊಳ್ಳಬಹುದು. ಆಲೆ ಮರ, ಅರಗಿನ ಬಣ್ಣದ ಗೊಂಬೆ ಕೇಳಿ. ಹೊಸ ಹೆದ್ದಾರಿ ಊರನ್ನು ಬಳಸಿ ಹೋಗುತ್ತದೆ, ಹಾಗಾಗಿ ಮದ್ದೂರು ದಾಟಿದ ಮೇಲೆ ಹಳೇ ರಸ್ತೆಗೆ ಇಳಿಯುವುದನ್ನು ಮರೆಯಬೇಡಿ.