ತೊಗಟೆ ಕಳಚಿದ್ದು ಶಿಲೀಂಧ್ರದಿಂದಲೋ, ಜಿಂಕೆಯಿಂದಲೋ? ಗುರುತಿಸುವ ಬಗೆ

ಕಾಡುಮರದ ಬುಡದಲ್ಲಿ ತೊಗಟೆ ಕಳಚಿದ್ದರೆ ಮೊದಲು ಗಾಯದ ಅಂಚನ್ನು ನೋಡಬೇಕು. ಜಿಂಕೆಗೆ ಮೇಲ್ದವಡೆಯಲ್ಲಿ ಬಾಚಿಹಲ್ಲುಗಳಿಲ್ಲದ ಕಾರಣ ಅದು ಕೆಳಹಲ್ಲುಗಳಿಂದ ತೊಗಟೆಯನ್ನು ಕೆರೆದು ಮೇಲಕ್ಕೆಳೆಯುತ್ತದೆ. ಹೀಗಾಗಿ ಕಾಂಡದ ಮೇಲೆ ಉದ್ದನೆಯ ಗೀರುಗಳೂ ಮೇಲ್ತುದಿಯಲ್ಲಿ ಜೋತಾಡುವ ನಾರುಗಳೂ ಉಳಿಯುತ್ತವೆ.

ಆರ್ಮಿಲೇರಿಯಾ ಶಿಲೀಂಧ್ರದ ಗುರುತು ಒಳಗಿರುತ್ತದೆ. ಸಡಿಲವಾದ ತೊಗಟೆಯನ್ನು ಚಾಕುವಿನಿಂದ ಮೆಲ್ಲನೆ ಎಬ್ಬಿಸಿದಾಗ ಕಾಗದದಷ್ಟು ತೆಳುವಾದ ಬಿಳಿ ಪದರ ಕಂಡು, ಅಣಬೆಯ ವಾಸನೆ ಮೂಗಿಗೆ ಬಡಿದರೆ, ಬೇರುಗಳ ಸುತ್ತ ಶೂ ಲೇಸಿನಂಥ ಕಪ್ಪು ಎಳೆಗಳಿವೆಯೇ ಎಂದೂ ಹುಡುಕಬೇಕು. ಈ ಎಳೆಗಳ ಮೂಲಕ ಅದು ನೆಲದಡಿಯಲ್ಲೇ ಮರದಿಂದ ಮರಕ್ಕೆ ಹಬ್ಬುತ್ತದೆ. ಅಮೆರಿಕದ ಆರೆಗಾನ್‌ನಲ್ಲಿ ಇದರ ಒಂದೇ ಜೀವಿ ಸುಮಾರು 9 ಚದರ ಕಿ.ಮೀ. ವ್ಯಾಪಿಸಿದೆ. ಎಲೆ ಹಳದಿಯಾದುದನ್ನಷ್ಟೇ ನೋಡಿ ತೀರ್ಮಾನಿಸುವುದು ಸರಿಯಲ್ಲ. ಜಿಂಕೆಯನ್ನು ಬೇಲಿಯಿಂದ ತಡೆಯಬಹುದು. ಶಿಲೀಂಧ್ರದಿಂದ ಸತ್ತ ಮರವನ್ನು ಬೇರುಸಮೇತ ತೆಗೆಯಬೇಕು.