ನೀಲಿ ಟೊಪ್ಪಿಯಲ್ಲಿ ಪರದೇಶಕ್ಕೆ ಹೊರಟ ಯೋಧರು ಅಲ್ಲಿನ ಜನರೊಂದಿಗೆ ನಡೆದುಕೊಳ್ಳಬೇಕಾದ ಬಗೆ

ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆ ಸೇರಿ ದಕ್ಷಿಣ ಸುಡಾನ್‌ಗೋ ಕಾಂಗೊಗೋ ಹೊರಡುವವರಿಗೆ ಆಯುಧ, ರೇಡಿಯೊ, ಗಸ್ತುಗಳ ಪಾಠ ಸಾಕಷ್ಟು ಆಗಿರುತ್ತದೆ. ಜನರ ವಿಷಯದ ಪಾಠಕ್ಕೆ ಬೆಂಗಳೂರಿನವರು 2024ರ ಬೇಸಿಗೆಯನ್ನು ನೆನೆದರೆ ಸಾಕು: ಟ್ಯಾಂಕರಿನಲ್ಲಿ ನೀರು ಎಷ್ಟಿದೆ ಎಂಬುದರಷ್ಟೇ, ಅದು ಯಾರ ಮನೆ ಮುಂದೆ ನಿಂತಿತು, ಪೈಪು ಯಾರ ಕೈಯಲ್ಲಿದೆ ಎಂಬುದೂ ಮುಖ್ಯವಾಗಿತ್ತು. ಹಲಸೂರು ಕೆರೆಯ ಬಳಿಯ ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್) ಕೇಂದ್ರದಲ್ಲಿ ಕೆಲಸ ಕಲಿತ ಸ್ಯಾಪರ್, ಅಂದರೆ ಸೇನೆಯ ಎಂಜಿನಿಯರಿಂಗ್ ದಳದ ಯೋಧ, ಪರದೇಶದಲ್ಲಿ ಕೊಳವೆಬಾವಿ ಕೊರೆಯುವ ಮುನ್ನ ಕೇಳಬೇಕಾದದ್ದೂ ಇದನ್ನೇ.

ಮೊದಲು ಊರಿನ ಹಿರಿಯರನ್ನು ಕಂಡು, ಅವಸರವಿಲ್ಲದೆ ಕುಳಿತು ಕೇಳಿಸಿಕೊಳ್ಳಿ. ಆದರೆ ಅಲ್ಲಿಗೇ ನಿಲ್ಲಬೇಡಿ. ನೀರಿಗೂ ಸೌದೆಗೂ ದೂರ ನಡೆಯುವವರು ಹೆಂಗಸರಾದ್ದರಿಂದ ಯಾವ ದಾರಿಯಲ್ಲಿ ಅಪಾಯವಿದೆ ಎಂಬುದು ಅವರಿಗೇ ಚೆನ್ನಾಗಿ ಗೊತ್ತು. ಗಂಡಸರು ತುಂಬಿದ ಸಭೆಯಲ್ಲಿ ಅವರು ಅದನ್ನು ಹೇಳಲಾರರು. ಪೂರ್ವ ಕಾಂಗೊದಲ್ಲಿ 2023–24ರಲ್ಲಿ ಭಾರತೀಯ ಸೇನೆಯ ಮೇಜರ್ ರಾಧಿಕಾ ಸೇನ್ ಅವರು ಮಹಿಳಾ ಯೋಧರೂ ಇದ್ದ ತುಕಡಿಯನ್ನು ಮುನ್ನಡೆಸಿ, ಸ್ಥಳೀಯರು ತಮ್ಮ ಆತಂಕಗಳನ್ನು ತಿಳಿಸಲು ಎಚ್ಚರಿಕೆ ಜಾಲಗಳನ್ನು ರೂಪಿಸಿದರು. ಆ ಕೆಲಸಕ್ಕಾಗಿ ವಿಶ್ವಸಂಸ್ಥೆ ಅವರನ್ನು ಗೌರವಿಸಿತು.

ದುಭಾಷಿಯ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು. ದಕ್ಷಿಣ ಸುಡಾನ್‌ನ ಮಲಕಾಲ್‌ನಂಥ ಊರಿನಲ್ಲಿ ಶಿಲ್ಲುಕ್, ಡಿಂಕಾ, ನುಯೆರ್ ಸಮುದಾಯಗಳ ನಡುವೆ ರಕ್ತಪಾತವೇ ನಡೆದಿರುವಾಗ, ಅವುಗಳಲ್ಲಿ ಒಂದಕ್ಕೆ ಸೇರಿದ ದುಭಾಷಿಯನ್ನು ಕರೆದೊಯ್ದರೆ, ಅವನು ಎಷ್ಟೇ ಪ್ರಾಮಾಣಿಕನಾಗಿದ್ದರೂ, ನೀವು ಯಾರ ಕಡೆಯವರೆಂದು ಜನ ಮೊದಲೇ ನಿರ್ಧರಿಸಿಬಿಡುತ್ತಾರೆ. ಮಾತನಾಡುವಾಗ ದುಭಾಷಿಯನ್ನಲ್ಲ, ಎದುರಿಗಿರುವವರ ಮುಖವನ್ನು ನೋಡಿ. ಸ್ವಾಹಿಲಿಯಲ್ಲೋ ಅರಬ್ಬಿಯಲ್ಲೋ ನಾಲ್ಕು ಮಾತು ನೀವೇ ಕಲಿತಿರಿ. ತಪ್ಪಾಗಿ ಉಚ್ಚರಿಸಿದರೆ ಅವರು ನಗುತ್ತಾರೆ, ನಕ್ಕರೆ ಒಳ್ಳೆಯದೇ.

ದನ ಸಾಕುವ ಊರಿನಲ್ಲಿ ಪಶುವೈದ್ಯರಿಗೆ ಸಿಗುವ ಮನ್ನಣೆ ದೊಡ್ಡದು. ಡಿಂಕಾ, ನುಯೆರ್ ಜನರಲ್ಲಿ ವಧುದಕ್ಷಿಣೆಯೂ ಹಸುಗಳಲ್ಲೇ ಸಲ್ಲುವುದರಿಂದ, ಒಂದು ಹಸು ಚೇತರಿಸಿಕೊಂಡರೆ ಒಂದು ಮನೆಯೇ ನೆಮ್ಮದಿಯಾಗುತ್ತದೆ. ಮಲಕಾಲ್‌ನಲ್ಲಿ ಭಾರತದ ಪಶುವೈದ್ಯರು ಈ ಸೇವೆ ಸಲ್ಲಿಸಿದ್ದಾರೆ. ಅದೇ ಚಲಿಸುವ ವಾಹನದಿಂದ ಮಕ್ಕಳತ್ತ ಬಿಸ್ಕತ್ತು ಎಸೆಯುವುದು ಔದಾರ್ಯವಲ್ಲ, ಮುಂದಿನ ವಾಹನದ ಚಕ್ರದಡಿಗೆ ಅವರನ್ನು ಕರೆದಂತೆ.

ಇನ್ನು ಕೆಲವು ವಿಷಯಗಳಲ್ಲಿ ವಿವೇಚನೆಗೆ ಎಡೆಯೇ ಇಲ್ಲ. ವಿಶ್ವಸಂಸ್ಥೆಯ 2003ರ ನಿಯಮಗಳ ಪ್ರಕಾರ 18 ವರ್ಷದೊಳಗಿನವರೊಂದಿಗೆ ಲೈಂಗಿಕ ಸಂಪರ್ಕ, ಸ್ಥಳೀಯ ಕಾನೂನು ಏನೇ ಹೇಳಲಿ, ನಿಷಿದ್ಧ. ವಯಸ್ಸು ತಿಳಿಯಲಿಲ್ಲ ಎಂಬ ಸಮಜಾಯಿಷಿ ನಡೆಯುವುದಿಲ್ಲ. ಹಣ, ಕೆಲಸ, ವಸ್ತುಗಳಿಗೆ ಪ್ರತಿಯಾಗಿ ಲೈಂಗಿಕ ಸಂಬಂಧವೂ ನಿಷಿದ್ಧ. ವ್ಯಾಪಕವಾದ ಅಥವಾ ವ್ಯವಸ್ಥಿತವಾದ ಲೈಂಗಿಕ ದೌರ್ಜನ್ಯದ ನಂಬಲರ್ಹ ಸಾಕ್ಷ್ಯ ದೊರೆತರೆ ಇಡೀ ತುಕಡಿಯನ್ನೇ ವಾಪಸು ಕಳುಹಿಸುವುದಕ್ಕೆ ಭದ್ರತಾ ಮಂಡಳಿಯ 2016ರ 2272ನೇ ನಿರ್ಣಯ ಅನುಮೋದನೆ ನೀಡಿದೆ. ಸಹೋದ್ಯೋಗಿಯ ಮೇಲೆ ಸಂಶಯ ಬಂದರೂ ವರದಿ ಮಾಡಬೇಕು.

ಮಾತು ಕೊಡುವಾಗ ಕೈ ಬಿಗಿಯಿರಲಿ. ನಿಮ್ಮ ಅವಧಿ ಮುಗಿದ ಮೇಲೆ ಆ ಮಾತಿನ ಸಾಲ ತೀರಿಸಬೇಕಾದವರು ಮುಂದಿನ ತುಕಡಿಯವರು. ಒಪ್ಪಿಕೊಂಡದ್ದು, ನಿರಾಕರಿಸಿದ್ದು, ಅರ್ಧಕ್ಕೆ ನಿಂತದ್ದು ಎಲ್ಲವನ್ನೂ ಪುಸ್ತಕದಲ್ಲಿ ಬರೆದಿಡಿ. ಹೊರಡುವ ವಾರ ಹೊಸ ಅಧಿಕಾರಿಯನ್ನು ಕರೆದೊಯ್ದು ಹಿರಿಯರಿಗೂ ಹೆಂಗಸರಿಗೂ ಪರಿಚಯಿಸಿ, ಪಂಪಿನ ಬೀಗದ ಕೈ ಯಾರ ಬಳಿಯಿದೆ ಎಂಬುದನ್ನು ಅವರೆದುರಿಗೇ ಹೇಳಿಸಿ.